ಮಹಾಪಧಮನಿ ಕಣ್ಣಿಗೆ ಬಿದ್ದ ಬಗೆ

1760ರ ಅಕ್ಟೋಬರ್ 25ರ ಬೆಳಗ್ಗೆ ಬ್ರಿಟನ್ನಿನ ದೊರೆ ಎರಡನೇ ಜಾರ್ಜ್ ಲಂಡನ್ನಿನ ಕೆನ್ಸಿಂಗ್ಟನ್ ಅರಮನೆಯಲ್ಲಿ ಕುಸಿದು ತೀರಿಕೊಂಡ. ಶವ ಸೀಳಿ ನೋಡಿದ ವೈದ್ಯ ಫ್ರ್ಯಾಂಕ್ ನಿಕೋಲ್ಸ್‌ಗೆ ಹೃದಯದ ಸುತ್ತಲಿನ ಚೀಲದ ತುಂಬ ಹೆಪ್ಪುಗಟ್ಟಿದ ರಕ್ತ ಕಂಡಿತು. ಮಹಾಪಧಮನಿಯ ಗೋಡೆಯಲ್ಲಿ ಸೀಳಿತ್ತು. ಹೃದಯದಿಂದ ಹೊರಟು ಹೊಟ್ಟೆಯವರೆಗೆ ಇಳಿಯುವ ಈ ದೊಡ್ಡ ರಕ್ತನಾಳದ ಕಾಯಿಲೆ ಆಗೆಲ್ಲ ಬಯಲಾಗುತ್ತಿದ್ದುದು ಹೆಚ್ಚಾಗಿ ಹೀಗೆ, ಸತ್ತ ಮೇಲೆ. ಎಕ್ಸ್‌ರೇ ಬಂದ ಮೇಲೂ ಬಹುಕಾಲ ಸಿಕ್ಕಿದ್ದು ಬರೀ ನೆರಳು.

1929ರಲ್ಲಿ ಲಿಸ್ಬನ್ನಿನ ವೈದ್ಯ ರೆನಾಲ್ದೊ ದೋಸ್ ಸಾಂತೋಸ್ ಎದೆಗಾರಿಕೆಯ ಕೆಲಸಕ್ಕೆ ಕೈಹಾಕಿದರು. ಎರಡು ವರ್ಷ ಮೊದಲು ಅದೇ ಊರಿನ ಎಗಾಸ್ ಮೊನೀಸ್ ಮಿದುಳಿನ ರಕ್ತನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇ ತೆಗೆದಿದ್ದರು. ಸಾಂತೋಸ್ ರೋಗಿಯನ್ನು ಬೋರಲು ಮಲಗಿಸಿ, ಬೆನ್ನುಮೂಳೆಯ ಪಕ್ಕದಿಂದ ಉದ್ದನೆಯ ಸೂಜಿಯನ್ನು ನೇರ ಮಹಾಪಧಮನಿಗೇ ಚುಚ್ಚಿ, ಅಯೋಡಿನ್ ಬೆರೆತ ದ್ರಾವಣ ಒಳಬಿಟ್ಟು ಚಿತ್ರ ತೆಗೆದರು. 1953ರಲ್ಲಿ ಸ್ವೀಡನ್ನಿನ ವೈದ್ಯ ಸೆಲ್ಡಿಂಗರ್ ಸುರಕ್ಷಿತ ದಾರಿ ತೋರಿದರು. ತೊಡೆಸಂದಿನ ರಕ್ತನಾಳಕ್ಕೆ ಸೂಜಿ, ಸೂಜಿಯೊಳಗಿಂದ ತಂತಿ. ಸೂಜಿ ಹೊರತೆಗೆದು ತಂತಿಯ ಮೇಲೆ ತೆಳು ಕೊಳವೆ ಜಾರಿಸುವುದು. ಇಂದಿಗೂ ಆಸ್ಪತ್ರೆಗಳ ಕ್ಯಾಥ್‌ಲ್ಯಾಬ್‌ಗಳಲ್ಲಿ ದಿನವೂ ನಡೆಯುವುದು ಇದೇ.

1971ರಲ್ಲಿ ಲಂಡನ್ನಿನಲ್ಲಿ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರ ಮೊದಲ ರೋಗಿಯ ಮಿದುಳು ತೋರಿಸಿತು. ಅದರ ಸಂತತಿಯಾದ ಸಿ.ಟಿ. ಆಂಜಿಯೋಗ್ರಾಂ ಈಗ ಗೋಡೆಯ ಸೀಳನ್ನು ನಿಮಿಷಗಳಲ್ಲಿ ಪತ್ತೆಹಚ್ಚುತ್ತದೆ. ಮಾರ್ಫಾನ್‌ನಂಥ ಆನುವಂಶಿಕ ಕಾಯಿಲೆಯಿಂದಾಗಿ ಜೀವನಪರ್ಯಂತ ತಪಾಸಣೆ ಬೇಕಾದ ಎಳೆಯರಿಗೆ, ವಿಕಿರಣವಿಲ್ಲದ ಎಂ.ಆರ್.ಐ. ಮೇಲು.

ಆದರೂ ನನ್ನ ಮಟ್ಟಿಗೆ ಹೆಚ್ಚಿನ ಉಪಕಾರ ಮಾಡಿದ್ದು ಸಾಧಾರಣ ಅಲ್ಟ್ರಾಸೌಂಡ್. ಹೊಟ್ಟೆಗೆ ಜೆಲ್ ಸವರಿ ಪ್ರೋಬ್ ಆಡಿಸಿದರೆ ಕೆಲ ನಿಮಿಷಗಳಲ್ಲಿ ಅಳತೆ ಸಿಗುತ್ತದೆ. ಅಲ್ಲಿ ಮಹಾಪಧಮನಿಯ ಅಗಲ ಸುಮಾರು 2 ಸೆಂ.ಮೀ. ಅದು 3ಕ್ಕೆ ಬಂದರೆ ಊತ, ಆಗಾಗ ಅಳೆಯುತ್ತಿರಬೇಕು, ಗಂಡಸರಲ್ಲಿ 5.5 ಮುಟ್ಟಿದರೆ ಶಸ್ತ್ರಚಿಕಿತ್ಸೆಯ ಮಾತು. ಒಡೆಯುವವರೆಗೂ ಈ ಊತ ಸಾಮಾನ್ಯವಾಗಿ ನೋಯುವುದಿಲ್ಲ, ಭಯವಿರುವುದೇ ಅಲ್ಲಿ. ಬ್ರಿಟನ್ನಿನಲ್ಲಿ 65ರಿಂದ 74 ವಯಸ್ಸಿನ ಸುಮಾರು 67,800 ಗಂಡಸರಲ್ಲಿ ಅರ್ಧದಷ್ಟು ಜನರನ್ನು ಈ ಸ್ಕ್ಯಾನಿಂಗಿಗೆ ಕರೆದ ಅಧ್ಯಯನದ ಫಲಿತಾಂಶ 2002ರಲ್ಲಿ ಬಂತು: ಕರೆದವರ ಗುಂಪಿನಲ್ಲಿ ಇಂಥ ಊತದ ಸಾವು ಶೇ 42ರಷ್ಟು ಕಡಿಮೆ. ಇಂಗ್ಲೆಂಡ್ ಈಗ 65 ತುಂಬುವ ಗಂಡಸರನ್ನೆಲ್ಲ ತಪಾಸಣೆಗೆ ಕರೆಯುತ್ತದೆ.

ನಮ್ಮಲ್ಲಿ ಅಂಥ ಕರೆ ಬರುವುದಿಲ್ಲ, ನಾವೇ ಕೇಳಬೇಕು. ವಯಸ್ಸು 65 ದಾಟಿ ಬೀಡಿ-ಸಿಗರೇಟು ಸೇದಿದ ಚರಿತ್ರೆಯಿದ್ದರೆ, ಇಲ್ಲವೇ ಒಡಹುಟ್ಟಿದವರಿಗೋ ಹೆತ್ತವರಿಗೋ ಈ ಊತವಿದ್ದರೆ, ವೈದ್ಯರ ಹತ್ತಿರ ಒಮ್ಮೆ ಮಾತಾಡಿ. ಬೇರಾವುದೋ ಕಾರಣಕ್ಕೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸುವಾಗಲೂ, ಮಹಾಪಧಮನಿಯ ಅಳತೆಯನ್ನು ರಿಪೋರ್ಟಿನಲ್ಲಿ ಬರೆಯುವಂತೆ ಕೇಳಿ.