ಚಮರೀಮೃಗದ ಮೂತ್ರದಲ್ಲಿ ಮೇವಿನ ಲೆಕ್ಕ

ಟಿಬೆಟ್ ಪ್ರಸ್ಥಭೂಮಿಯಲ್ಲಿ, 3000 ಮೀಟರಿಗೂ ಮಿಗಿಲಾದ ಎತ್ತರದಲ್ಲಿ, ಯಾಕ್ ಎಂದು ಹೆಸರಾದ ಚಮರೀಮೃಗವೇ ಪಶುಪಾಲಕರ ಜೀವನಾಧಾರ. ಹಾಲು, ಉಣ್ಣೆ, ಉರುವಲಿನ ಬೆರಣಿ ಎಲ್ಲವೂ ಅದರಿಂದಲೇ. ದೀರ್ಘವಾದ ಚಳಿಗಾಲದಲ್ಲಿ ಒಣಹುಲ್ಲನ್ನೇ ಮೇಯುವ ಈ ಪ್ರಾಣಿಗೆ ಸಾಕಷ್ಟು ಪ್ರೋಟೀನು ದೊರೆಯುತ್ತಿದೆಯೇ ಎಂಬುದನ್ನು, ಅದರ ಹೊಟ್ಟೆಯನ್ನು ಕೊಯ್ಯದೆ ನಾವು ತಿಳಿಯುವುದೆಂತು?

ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಚೀಲದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳು ಮೇವನ್ನುಂಡು ಬೆಳೆಯುತ್ತವೆ. ಬಳಿಕ ಕರುಳಿಗೆ ಸಾಗಿ ತಾವೇ ಆಹಾರವಾಗುತ್ತವೆ. ಪ್ರಾಣಿಗೆ ಸಿಗುವ ಪ್ರೋಟೀನಿನ ಬಹುಭಾಗ ಅವುಗಳದೇ. ಅವುಗಳಲ್ಲಿ ಪ್ರೋಟೀನಿನೊಡನೆ ಪ್ಯೂರೀನುಗಳೆಂಬ ವಸ್ತುಗಳೂ ಹೆಚ್ಚುಕಡಿಮೆ ನಿಶ್ಚಿತ ಪ್ರಮಾಣದಲ್ಲಿರುತ್ತವೆ. ಮೇವಿನ ಪ್ಯೂರೀನುಗಳಾದರೋ ಮೊದಲ ಚೀಲದಲ್ಲಿಯೇ ಬಹುತೇಕ ನಾಶವಾಗುತ್ತವೆ. ಆದುದರಿಂದ ಕರುಳಿನಿಂದ ರಕ್ತಕ್ಕೆ ಸೇರಿ, ಅಲಾಂಟೋಯಿನ್ ಮತ್ತು ಯೂರಿಕ್ ಆಮ್ಲಗಳಾಗಿ ಮೂತ್ರದಲ್ಲಿ ಹೊರಬೀಳುವುದು ಮುಖ್ಯವಾಗಿ ಸೂಕ್ಷ್ಮಜೀವಿಗಳ ಪಾಲು. ಒಲೆಯ ಬೂದಿಯನ್ನು ಕಂಡು ಉರಿದ ಸೌದೆಯನ್ನು ಅಂದಾಜು ಮಾಡುವಂತೆ, ಇವನ್ನಳೆದು ಪ್ರೋಟೀನನ್ನು ಲೆಕ್ಕ ಹಾಕಬಹುದು. ಪ್ರಾಣಿಯ ಸ್ವಂತ ಜೀವಕೋಶಗಳಿಂದ ಬರುವ ಅಲ್ಪಾಂಶವನ್ನು ಮಾತ್ರ ಕಳೆಯಬೇಕು.

ಆದರೆ ಬಯಲಲ್ಲಿ ಮೇಯುವ ಪ್ರಾಣಿಯ ಇಡೀ ದಿನದ ಮೂತ್ರವನ್ನು ಹಿಡಿದಿಡುವುದು ಸುಲಭವೇ? ಇದಕ್ಕೂ ಉಪಾಯವುಂಟು. ಸ್ನಾಯುಗಳಿಂದ ಹುಟ್ಟುವ ಕ್ರಿಯಾಟಿನೀನ್, ದೇಹದ ತೂಕಕ್ಕನುಗುಣವಾಗಿ, ದಿನದಿನವೂ ಬಹುಮಟ್ಟಿಗೆ ಒಂದೇ ಪ್ರಮಾಣದಲ್ಲಿ ವಿಸರ್ಜಿತವಾಗುತ್ತದೆ. ಒಂದು ಬಾರಿಯ ಮೂತ್ರದಲ್ಲಿ ಅಲಾಂಟೋಯಿನ್ ಮೊದಲಾದವುಗಳಿಗೂ ಇದಕ್ಕೂ ಇರುವ ನಿಷ್ಪತ್ತಿಯನ್ನು ಕಂಡರೆ ಸಾಕು. ನೀರು ಹೆಚ್ಚಿರಲಿ ಕಡಿಮೆಯಿರಲಿ, ನಿಷ್ಪತ್ತಿ ಕೆಡದು. ಅದು ಇಳಿಯುತ್ತಿದ್ದರೆ, ಪ್ರಾಣಿಯ ಎಲುಬು ಕಾಣುವ ಮೊದಲೇ ಮೇವನ್ನು ಸುಧಾರಿಸಬೇಕೆಂದು ನಾವರಿಯಬಹುದು.