ಪರದೆಯ ಹಿಂದಿನ ಟ್ರಂಪೆಟ್

1990ರಲ್ಲಿ ತೆರೆಕಂಡ ‘ಮೋ ಬೆಟರ್ ಬ್ಲೂಸ್’ ಚಿತ್ರದಲ್ಲಿ ಡೆನ್ಜೆಲ್ ವಾಷಿಂಗ್ಟನ್ ಅವರದು ಜಾಝ್ ಟ್ರಂಪೆಟ್ ವಾದಕನ ಪಾತ್ರ. ವಾದ್ಯವನ್ನು ತುಟಿಗಿಟ್ಟು ಬೆರಳಾಡಿಸುವವರು ಅವರು. ಕೇಳಿಸುವ ನಾದ ಮಾತ್ರ ಟೆರೆನ್ಸ್ ಬ್ಲಾಂಚರ್ಡ್ ಅವರದು. ನಮ್ಮ ಸಿನಿಮಾಗಳಲ್ಲಿ ಹಿನ್ನೆಲೆ ಗಾಯಕರಿದ್ದಂತೆ ಅಲ್ಲಿ ಇವರು ಹಿನ್ನೆಲೆ ವಾದಕ.

ಬ್ಲಾಂಚರ್ಡ್ ಹುಟ್ಟಿದ್ದು 1962ರಲ್ಲಿ, ಜಾಝ್‌ನ ತವರು ನ್ಯೂ ಆರ್ಲಿಯನ್ಸ್‌ನಲ್ಲಿ. ಆದರೆ ತಂದೆಗೆ ಒಪೆರಾ ಹುಚ್ಚು. ಹವ್ಯಾಸಿ ಗಾಯಕರೂ ಹೌದು. ಪಿಯಾನೋದಿಂದ ಕಲಿಕೆ ಶುರುಮಾಡಿದ ಹುಡುಗ ಟ್ರಂಪೆಟ್‌ಗೆ ಮನಸೋತ. ಹೆಸರಾಂತ ಗುರು ಎಲಿಸ್ ಮಾರ್ಸಾಲಿಸ್ ಅವರ ಬಳಿ ಪಳಗಿದ. 1982ರಲ್ಲಿ ಡ್ರಮ್ ವಾದಕ ಆರ್ಟ್ ಬ್ಲೇಕಿಯವರ ‘ಜಾಝ್ ಮೆಸೆಂಜರ್ಸ್’ ತಂಡ ಸೇರಿದಾಗ, ಗುರುವಿನ ಮಗ ವಿಂಟನ್ ತೆರವು ಮಾಡಿದ ಜಾಗವೇ ಸಿಕ್ಕಿತು.

ಸಂಗೀತ ನಿರ್ದೇಶನದ ಅವಕಾಶ ಬಂದದ್ದು ತೀರಾ ಅನಿರೀಕ್ಷಿತವಾಗಿ. ‘ಮೋ ಬೆಟರ್ ಬ್ಲೂಸ್’ ಧ್ವನಿಮುದ್ರಣದ ಬಿಡುವಿನಲ್ಲಿ ಬ್ಲಾಂಚರ್ಡ್ ತಮ್ಮದೇ ಒಂದು ರಚನೆಯನ್ನು ಪಿಯಾನೋದಲ್ಲಿ ನುಡಿಸುತ್ತಿದ್ದರು. ಅದು ನಿರ್ದೇಶಕ ಸ್ಪೈಕ್ ಲೀ ಕಿವಿಗೆ ಬಿತ್ತು. ಚಿತ್ರಕ್ಕೆ ಬಳಸಿಕೊಳ್ಳುತ್ತೇನೆ, ವಯಲಿನ್ ಬಳಗಕ್ಕೂ ಸ್ವರ ಬರೆದುಕೊಡಿ ಎಂದರು ಲೀ. ಅಂಥ ಕೆಲಸ ಮಾಡಿ ರೂಢಿಯಿಲ್ಲದಿದ್ದರೂ ಬ್ಲಾಂಚರ್ಡ್ ಒಪ್ಪಿಕೊಂಡರು. ಮರುವರ್ಷ ‘ಜಂಗಲ್ ಫೀವರ್’, 1992ರಲ್ಲಿ ‘ಮಾಲ್ಕಮ್ ಎಕ್ಸ್’. ಮೂರು ದಶಕ ದಾಟಿದ ಜೋಡಿಗೆ ಹೀಗೆ ನಾಂದಿಯಾಯಿತು.

ಚಿತ್ರಸಂಗೀತವೆಂದರೆ ನಮಗೆ ಮೊದಲು ನೆನಪಾಗುವುದು ಹಾಡು. ಬ್ಲಾಂಚರ್ಡ್ ಅವರದು ಮಾತಿನಡಿ ಹರಿಯುವ ವಾದ್ಯವೃಂದದ ಕೆಲಸ. ವೇದಿಕೆಯಲ್ಲಿ ಮುಂದೆ ನಿಲ್ಲುವ ವಾದಕ ಇಲ್ಲಿ ಹಿಂದೆ ಸರಿಯಬೇಕು. ಕಪ್ಪು ಜನರನ್ನು ದ್ವೇಷಿಸುವ ಬಿಳಿಯರ ಗುಂಪು ಕು ಕ್ಲಕ್ಸ್ ಕ್ಲಾನ್ ಒಳಹೊಕ್ಕ ಕಪ್ಪು ಪೊಲೀಸನ ಕಥೆ ‘ಬ್ಲ್ಯಾಕ್‌ಕ್ಲಾನ್ಸ್‌ಮನ್’ನಲ್ಲಿ (2018) ಮುಖ್ಯ ರಾಗವನ್ನು ಅವರು ಟ್ರಂಪೆಟ್‌ಗೆ ಕೊಡದೆ ಎಲೆಕ್ಟ್ರಿಕ್ ಗಿಟಾರ್‌ಗೆ ಕೊಟ್ಟರು. ಅಮೆರಿಕದ ರಾಷ್ಟ್ರಗೀತೆಯನ್ನು ಜಿಮಿ ಹೆಂಡ್ರಿಕ್ಸ್ ಗಿಟಾರಿನಲ್ಲಿ ನುಡಿಸಿದ ಬಗೆ ಅದಕ್ಕೆ ಪ್ರೇರಣೆ. ಆ ಸಂಗೀತ ಆಸ್ಕರ್ ನಾಮನಿರ್ದೇಶನ ಪಡೆಯಿತು. ‘ಡಾ 5 ಬ್ಲಡ್ಸ್’ (2020) ಇನ್ನೊಂದನ್ನು ತಂದಿತು.

2005ರ ಕತ್ರಿನಾ ಚಂಡಮಾರುತ ಅವರ ಊರನ್ನೇ ಮುಳುಗಿಸಿತು. ಲೀ ತೆಗೆದ ಸಾಕ್ಷ್ಯಚಿತ್ರ ‘ವೆನ್ ದ ಲೆವೀಸ್ ಬ್ರೋಕ್’ಗೆ ಬ್ಲಾಂಚರ್ಡ್ ಸಂಗೀತವಷ್ಟೇ ಕೊಡಲಿಲ್ಲ, ಹಾಳಾದ ಮನೆಗೆ ತಾಯಿಯನ್ನು ಕರೆದೊಯ್ದಾಗ ಕ್ಯಾಮೆರಾ ಜೊತೆಗಿತ್ತು. ಬಾಗಿಲು ದಾಟುತ್ತಲೇ ತಾಯಿ ಬಿಕ್ಕಳಿಸಿ ಅತ್ತದ್ದು ಚಿತ್ರದಲ್ಲಿದೆ. ಆ ಸಂಗೀತವನ್ನೇ ವಿಸ್ತರಿಸಿ ಮಾಡಿದ ‘ಎ ಟೇಲ್ ಆಫ್ ಗಾಡ್ಸ್ ವಿಲ್’ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂತು.

ತಂದೆಯ ಒಪೆರಾ ಪ್ರೀತಿಯೂ ಫಲ ಕೊಟ್ಟಿತು. 2021ರ ಸೆಪ್ಟೆಂಬರ್ 27ರಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ತನ್ನ ಋತುವನ್ನು ಬ್ಲಾಂಚರ್ಡ್ ಅವರ ‘ಫೈರ್ ಶಟ್ ಅಪ್ ಇನ್ ಮೈ ಬೋನ್ಸ್’ನೊಂದಿಗೆ ಆರಂಭಿಸಿತು. 138 ವರ್ಷಗಳ ಆ ಸಂಸ್ಥೆಯಲ್ಲಿ ಕಪ್ಪು ಸಂಗೀತಗಾರರೊಬ್ಬರ ಒಪೆರಾ ರಂಗಕ್ಕೇರಿದ್ದು ಅದೇ ಮೊದಲು. ಅರ್ಹರು ಹಿಂದೆಯೂ ಇದ್ದರು. ಬಾಗಿಲು ತೆರೆದದ್ದು ತಡವಾಗಿ.

ಹೊಸದಾಗಿ ಕೇಳುವವರು ಮೊದಲು ಕತ್ರಿನಾ ಸಾಕ್ಷ್ಯಚಿತ್ರ ನೋಡಿ, ಆಮೇಲೆ ಆಲ್ಬಮ್ ಕೇಳುವುದು ಒಳ್ಳೆಯದು. ಅಲ್ಲಿ ಸಂತ್ರಸ್ತರ ಮಾತಿಗೆ ಜಾಗ ಬಿಟ್ಟುಕೊಟ್ಟ ರಾಗಗಳು, ಇಲ್ಲಿ ಟ್ರಂಪೆಟ್‌ನ ಬಾಯಲ್ಲಿ ತಾವೇ ಮಾತಾಡುತ್ತವೆ.