ಥೈರಾಯಿಡ್ ಗ್ರಂಥಿಯ ಕಾರ್ಯವು ಬೆಳಕಿಗೆ ಬಂದ ಬಗೆ

ಕೊರಳಿನಲ್ಲಿ ಶ್ವಾಸನಾಳದ ಮುಂದೆ ಇರುವ ಥೈರಾಯಿಡ್ ಗ್ರಂಥಿಯ ಪ್ರಯೋಜನವೇನೆಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದವರೆಗೂ ವೈದ್ಯರಿಗೆ ಸ್ಪಷ್ಟವಾಗಿರಲಿಲ್ಲ. ಅದನ್ನು ತಿಳಿಯುವ ದಾರಿ ತೆರೆದುದು ಬಹುಮಟ್ಟಿಗೆ ಶಸ್ತ್ರವೈದ್ಯರ ಅನುಭವದಿಂದ.

ಸ್ವಿಟ್ಜರ್ಲೆಂಡಿನ ಕಣಿವೆಗಳಲ್ಲಿ ಆಗ ಗಳಗಂಡವು ಬಹು ಸಾಮಾನ್ಯವಾದ ವ್ಯಾಧಿ. ಅದು ಬೆಳೆದು ಉಸಿರನ್ನು ತಡೆದಾಗ ಕತ್ತರಿಸಿ ತೆಗೆಯಬೇಕಾಗುತ್ತಿದ್ದಿತು. ಆದರೆ ರಕ್ತಸ್ರಾವದಿಂದಲೂ ನಂಜಿನಿಂದಲೂ ರೋಗಿಗಳು ಸಾಯುತ್ತಿದ್ದುದರಿಂದ ಅನೇಕರು ಅದಕ್ಕೆ ಕೈಹಾಕಲು ಅಂಜುತ್ತಿದ್ದರು. ೧೮೭೨ರಲ್ಲಿ ಬರ್ನ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಾದ ಥಿಯೊಡೋರ್ ಕೋಖರನು ರಕ್ತನಾಳಗಳನ್ನು ಜಾಗರೂಕತೆಯಿಂದ ಕಟ್ಟಿ, ನಂಜು ತಗುಲದಂತೆ ಎಚ್ಚರವಹಿಸಿ, ಈ ಭಯವನ್ನು ಬಹುಮಟ್ಟಿಗೆ ನೀಗಿದನು. ರೋಗಿಗಳು ಬದುಕಿ ಊರಿಗೆ ಮರಳಿದರು. ಅವರು ಬದುಕಿದುದರಿಂದಲೇ, ಗ್ರಂಥಿಯಿಲ್ಲದ ದೇಹಕ್ಕೆ ಏನಾಗುವುದೆಂಬುದನ್ನು ಕಾಣುವ ಅವಕಾಶವೊದಗಿತು.

ಗ್ರಂಥಿಯನ್ನು ಪೂರ್ತಿಯಾಗಿ ತೆಗೆದರೆ ಕೆಲವು ತಿಂಗಳ ತರುವಾಯ ರೋಗಿಗಳು ನಿಸ್ತೇಜರಾಗುವರೆಂದು ೧೮೮೨ರಲ್ಲಿ ಜಿನೀವದ ಶಸ್ತ್ರವೈದ್ಯ ರೆವೆರ್ದಾನನು ಕೋಖರನಿಗೆ ತಿಳಿಸಿದನು. ಕೋಖರನು ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಸಿದನು. ಗ್ರಂಥಿಯನ್ನು ಪೂರ್ತಿಯಾಗಿ ಕಳೆದುಕೊಂಡವರಲ್ಲಿ ಪರೀಕ್ಷೆಗೆ ದೊರೆತವರು ೧೮ ಮಂದಿ. ಅವರಲ್ಲಿ ೧೬ ಮಂದಿಗೆ ಈ ವಿಕಾರವು ತಗುಲಿದ್ದಿತು. ಮುಖ ಊದುವುದು, ಚಳಿಯನ್ನು ತಾಳಲಾರದಿರುವುದು, ಮಾತೂ ಬುದ್ಧಿಯೂ ಮಂದವಾಗುವುದು ಅದರ ಲಕ್ಷಣಗಳು. ಎಳೆಯರಲ್ಲಿ ಬೆಳವಣಿಗೆಯೇ ಕುಂಠಿತವಾಗುತ್ತಿದ್ದಿತು. ಕೋಖರನು ಇದನ್ನು ಮರೆಮಾಚದೆ ೧೮೮೩ರ ಏಪ್ರಿಲಿನಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದ ಮುಂದಿಟ್ಟನು; ಅಲ್ಲಿಂದ ಮುಂದೆ ಗ್ರಂಥಿಯ ಒಂದು ಭಾಗವನ್ನು ಉಳಿಸುವ ಕ್ರಮವನ್ನು ಹಿಡಿದನು. ಶ್ವಾಸನಾಳವು ಕೆಡುವುದೇ ಇದಕ್ಕೆ ಕಾರಣವೆಂಬ ಅವನ ಊಹೆ ಮಾತ್ರ ನಿಲ್ಲಲಿಲ್ಲ. ಗ್ರಂಥಿಯ ಅಭಾವವೇ ಕಾರಣವೆಂದು ಅದೇ ವರ್ಷ ಲಂಡನ್ನಿನ ಫೆಲಿಕ್ಸ್ ಸೆಮನ್ ವಾದಿಸಿದನು. ೧೮೯೧ರಲ್ಲಿ ಜಾರ್ಜ್ ಮರ್ರೆ ಎಂಬ ಆಂಗ್ಲ ವೈದ್ಯನು ಇಂಥವೇ ಲಕ್ಷಣಗಳಿದ್ದ ರೋಗಿಗೆ ಕುರಿಯ ಗ್ರಂಥಿಯ ಸಾರವನ್ನು ಸೂಜಿಯ ಮೂಲಕ ಕೊಟ್ಟು ಚೇತರಿಕೆಯನ್ನು ಕಂಡಾಗ ಆ ವಾದವು ದೃಢವಾಯಿತು. ಈ ಗ್ರಂಥಿಯನ್ನು ಕುರಿತ ಸೇವೆಗಾಗಿ ಕೋಖರನಿಗೆ ೧೯೦೯ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು.

ಕೋಖರನ ಪಾಠವು ಇಂದಿಗೂ ಸಲ್ಲುತ್ತದೆ. ಅರ್ಬುದದ ನಿಮಿತ್ತ ಧ್ವನಿಪೆಟ್ಟಿಗೆಯನ್ನು ತೆಗೆದು, ದೇಹದ ಬೇರೆಡೆಯ ಮಾಂಸಖಂಡದಿಂದ ಗಂಟಲನ್ನು ಪುನಾರಚಿಸುವಾಗ ಈ ಗ್ರಂಥಿಯ ಭಾಗವೂ ಹೋಗಬಹುದು; ಉಳಿದ ಭಾಗದ ಶಕ್ತಿ ವಿಕಿರಣ ಚಿಕಿತ್ಸೆಯಿಂದ ಕುಗ್ಗಬಹುದು. ಗಾಯ ಮಾಯ್ದು ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ತೋರುವ ದಣಿವನ್ನು ಹಳೆಯ ಕಾಯಿಲೆಯ ಆಯಾಸವೆಂದೇ ಎಣಿಸಿಬಿಡುವುದು ಸುಲಭ. ಆದಕಾರಣ ಇಂಥ ರೋಗಿಗಳನ್ನು ನಿಯತಕಾಲದಲ್ಲಿ ಮರಳಿ ಕರೆಸಿ ರಕ್ತವನ್ನು ಪರೀಕ್ಷಿಸುವರು. ಕೊರತೆ ಕಂಡುಬಂದರೆ ಅದನ್ನು ಥೈರಾಕ್ಸಿನ್ ಮಾತ್ರೆಯಿಂದ ತುಂಬಿಕೊಡುವರು.